ಮರುಭೂಮಿಯ ನೆತ್ತಿಯ ಮೇಲೆ ಸ್ಕೀಯಿಂಗ್: ಲಾ ಸಾಲ್ ಬೆಟ್ಟಗಳಲ್ಲಿ ನನ್ನ ಅನುಭವ

ಅಮೆರಿಕದ ಯೂಟಾ ರಾಜ್ಯದ ಮೋಆಬ್ ಊರು ಅಂದ್ರೆ ಎಲ್ಲರಿಗೂ ನೆನಪಾಗುವುದು ಕೆಂಪು ಬಂಡೆ, ಜೀಪು, ಸೈಕಲ್ಲು, ಸುಡುವ ಬಿಸಿಲು. ಡೆಲಿಕೇಟ್ ಆರ್ಚ್ ಫೋಟೊ ನೋಡಿರುತ್ತೀರಲ್ಲ, ಆ ಕಲ್ಲಿನ ಕಮಾನಿನ ಹಿಂದೆ ದೂರದಲ್ಲಿ ಬೆಳ್ಳಗೆ ಕಾಣುವುದೇ ಲಾ ಸಾಲ್ ಬೆಟ್ಟಸಾಲು. ಚಳಿಗಾಲದಲ್ಲಿ ನಮ್ಮ ಗುಂಪು ಹೋಗುವುದು ಅಲ್ಲಿಗೇ. ಲಿಫ್ಟ್ ಇಲ್ಲ, ಟಿಕೆಟ್ ಇಲ್ಲ, ಗಸ್ತು ತಿರುಗುವವರೂ ಇಲ್ಲ. ನಾವೇ ಹತ್ತಬೇಕು, ನಾವೇ ಇಳಿಯಬೇಕು, ಯಾರಾದರೂ ಹಿಮದಡಿ ಸಿಕ್ಕಿಕೊಂಡರೆ ನಾವೇ ಅಗೆದು ತೆಗೆಯಬೇಕು.

ಮೋಆಬ್ ಊರು ಇರುವುದು ಸುಮಾರು 1,200 ಮೀಟರ್ ಎತ್ತರದಲ್ಲಿ. ಲಾ ಸಾಲ್‌ನ ಅತಿ ಎತ್ತರದ ಶಿಖರ ಮೌಂಟ್ ಪೀಲ್ 3,877 ಮೀಟರ್. ಊರಲ್ಲಿ ಟೀ ಶರ್ಟ್ ಹಾಕಿಕೊಂಡು ಕಾರು ಹತ್ತಿದವರು ಸುಮಾರು ಒಂದು ಗಂಟೆಯಲ್ಲಿ ಗೇಯ್ಸರ್ ಪಾಸ್ ರಸ್ತೆಯ ಚಳಿಗಾಲದ ನಿಲ್ದಾಣದಲ್ಲಿ, ಅಂದರೆ 2,900 ಮೀಟರ್ ಆಸುಪಾಸಿನಲ್ಲಿ, ಕೈ ಮರಗಟ್ಟಿಸಿಕೊಂಡು ಬೂಟು ಬಿಗಿಯುತ್ತಿರುತ್ತೇವೆ. ರಸ್ತೆಯ ಕೊನೆಯ ಭಾಗ ಹಿಮಗಟ್ಟಿ ಜಾರುತ್ತದೆ, ನಾಲ್ಕು ಚಕ್ರಕ್ಕೂ ಬಲ ಹೋಗುವ ಗಾಡಿ ಇಲ್ಲದಿದ್ದರೆ ಚಕ್ರಕ್ಕೆ ಸುತ್ತುವ ಚೈನ್ ಇಟ್ಟುಕೊಳ್ಳಿ.

ಹೊಸಬರು ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಾರೆ: ಇಲ್ಲಿ ಹಿಮ ಕಡಿಮೆ ಅಲ್ವಾ, ಹಾಗಾದರೆ ಅಪಾಯವೂ ಕಡಿಮೆ. ಇದು ಪೂರ್ತಿ ಉಲ್ಟಾ. ಲಾ ಸಾಲ್‌ನಲ್ಲಿ ನಾನು ಹೆದರುವುದೇ ತೆಳು ಹಿಮಕ್ಕೆ.

ಕಾರಣ ಹೀಗಿದೆ. ಹಿಮದ ಕೆಳಗಿನ ನೆಲ ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲೇ ಇರುತ್ತದೆ. ಮೇಲೆ ಮರುಭೂಮಿಯ ಗಾಳಿ, ಒಣ ಗಾಳಿ, ಮೋಡವಿಲ್ಲದ ರಾತ್ರಿ, ಹಿಮದ ಮೇಲ್ಮೈ ಸಿಕ್ಕಾಪಟ್ಟೆ ತಣ್ಣಗಾಗಿಬಿಡುತ್ತದೆ. ಎರಡು ಮೀಟರ್ ಹಿಮವಿದ್ದರೆ ಆ ವ್ಯತ್ಯಾಸ ಎರಡು ಮೀಟರ್ ಉದ್ದಕ್ಕೂ ಹಂಚಿಹೋಗುತ್ತದೆ. ಅರ್ಧ ಮೀಟರ್ ಮಾತ್ರ ಇದ್ದರೆ ಅಷ್ಟೂ ವ್ಯತ್ಯಾಸ ಅಷ್ಟರಲ್ಲೇ ತುಂಬಿಕೊಳ್ಳಬೇಕು. ಆಗ ಕೆಳಗಿನಿಂದ ಮೇಲಕ್ಕೆ ಆವಿ ಹರಿದು, ಹಿಮದ ಕಣಗಳು ಒಂದಕ್ಕೊಂದು ಅಂಟದ ಒರಟು ಹರಳುಗಳಾಗುತ್ತವೆ. ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಈ ಕೆಲಸ ಶುರು ಅಂತ ಲೆಕ್ಕ.

ಸುಮ್ನೆ ಓದಿದರೆ ಇದು ತಲೆಗೆ ಹೋಗುವುದಿಲ್ಲ, ಒಮ್ಮೆ ಗುಂಡಿ ತೋಡಿ ನೋಡಬೇಕು. ಜನವರಿಯಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಗುದ್ದಲಿ ಹಾಕಿದರೆ ಮೇಲಿನ ಪದರ ಇಟ್ಟಿಗೆ ಥರ ಚೌಕಾಕಾರವಾಗಿ ಕತ್ತರಿಸಿ ಬರುತ್ತದೆ. ನೆಲ ಹತ್ತಿರವಾದಂತೆ ಗುದ್ದಲಿಗೆ ಏನೂ ಸಿಗುವುದೇ ಇಲ್ಲ, ಗುಂಡಿಯ ಗೋಡೆಯಿಂದ ಹಿಮ ತಾನಾಗಿ ಸುರಿಯುತ್ತದೆ. ಕೈಗವಸಿನಲ್ಲಿ ಹಿಡಿದು ಉಂಡೆ ಕಟ್ಟಲು ನೋಡಿ, ಆಗುವುದಿಲ್ಲ, ಬೆರಳ ಸಂದಿಯಿಂದ ಸಕ್ಕರೆ ಹಾಗೆ ಜಾರಿಹೋಗುತ್ತದೆ. ಭೂತಗನ್ನಡಿ ಇಟ್ಟು ನೋಡಿದರೆ ಒಂದೊಂದು ಹರಳೂ ಪುಟ್ಟ ಬಟ್ಟಲಿನ ಆಕಾರ, ಮೈ ಮೇಲೆ ಮೆಟ್ಟಿಲು ಮೆಟ್ಟಿಲಾದ ಗೀರುಗಳು. ನೋಡಲು ಚಂದ. ಆದರೆ ನಾವು ನಿಂತಿರುವ ಇಡೀ ಇಳಿಜಾರು ಕೂತಿರುವುದು ಅದರ ಮೇಲೆ. ನೈಋತ್ಯದಿಂದ ಒಂದು ದೊಡ್ಡ ಬಿರುಗಾಳಿ ಬಂದು ಹೊಸ ಹಿಮದ ಹೊರೆ ಹೇರಿದರೆ ಮುಗಿಯಿತು, ಆ ಸಕ್ಕರೆ ಪದರ ಕುಸಿದು ಮೇಲಿನದೆಲ್ಲ ಜಾರಿಬರುತ್ತದೆ. ಸಾಲದ್ದಕ್ಕೆ ಈ ಬೆಟ್ಟಗಳು ಮರುಭೂಮಿ ಮಧ್ಯೆ ಒಂಟಿಯಾಗಿ ಎದ್ದು ನಿಂತಿವೆ. ಗಾಳಿಗೆ ಅಡ್ಡ ಬರುವ ಇನ್ನೊಂದು ಬೆಟ್ಟ ಹತ್ತಿರದಲ್ಲಿಲ್ಲ, ಒಂದು ಬದಿಯ ಹಿಮವನ್ನೆಲ್ಲ ಗುಡಿಸಿ ಇನ್ನೊಂದು ಬದಿಗೆ ಪೇರಿಸುತ್ತದೆ.

1992ರ ಫೆಬ್ರವರಿಯಲ್ಲಿ ಇಲ್ಲಿನ ಗೋಲ್ಡ್ ಬೇಸಿನ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ನಾಲ್ವರು ಸತ್ತರು. ಅವರಲ್ಲಿ ಒಬ್ಬರು ಈ ಬೆಟ್ಟಗಳ ಹಿಮಕುಸಿತ ಮುನ್ಸೂಚನೆ ಕೊಡುತ್ತಿದ್ದವರೇ. ಹಿಮ ಚೆನ್ನಾಗಿ ಗೊತ್ತು ಅನ್ನುವವರ ಜೊತೆ ಹೋಗಲು ನಾನು ಹಿಂದೆಮುಂದೆ ನೋಡುವುದು ಅದಕ್ಕೇ.

ಹಾಗಾಗಿ ನಮ್ಮ ಲೆಕ್ಕ ಸರಳ. ಡಿಸೆಂಬರಿನಿಂದ ಮಾರ್ಚ್ ಅರ್ಧದವರೆಗೆ ಶಿಖರದ ಮಾತೇ ಎತ್ತುವುದಿಲ್ಲ. ಮರಗಳ ನಡುವಿನ ಹುಲ್ಲುಗಾವಲು, 30 ಡಿಗ್ರಿಗಿಂತ ಕಡಿಮೆ ಇಳಿಜಾರು, ಅಷ್ಟೇ. ಅದರಲ್ಲೂ ನೆತ್ತಿಯ ಮೇಲೆ ಕಡಿದಾದ ಇಳಿಜಾರು ನೇತಾಡುತ್ತಿರಬಾರದು, ನಾವು ಸಪಾಟಿನಲ್ಲಿ ನಿಂತಿದ್ದರೂ ಮೇಲಿನಿಂದ ಬರುವುದು ನಮ್ಮನ್ನು ಕೇಳಿ ಬರುವುದಿಲ್ಲ. ಯೂಟಾ ಅವಲಾಂಚ್ ಸೆಂಟರ್ ಮೋಆಬ್ ಭಾಗಕ್ಕೆ ಬೇರೆಯೇ ಹಿಮಕುಸಿತ ಮುನ್ಸೂಚನೆ ಕೊಡುತ್ತದೆ, ಅದನ್ನು ಓದದೆ ಯಾರೂ ಕಾರು ಹತ್ತುವಂತಿಲ್ಲ. ನಿಲ್ದಾಣದಲ್ಲಿ ಒಬ್ಬ ಮುಂದೆ ಹೋಗಿ ನಿಲ್ಲುತ್ತಾನೆ, ಉಳಿದವರು ಒಬ್ಬೊಬ್ಬರಾಗಿ ಅವನ ಮುಂದೆ ಹಾದುಹೋಗುತ್ತೇವೆ, ಎಲ್ಲರ ಬೀಕನ್ (ಹಿಮದಡಿ ಸಿಕ್ಕವರನ್ನು ಹುಡುಕಲು ಮೈಗೆ ಕಟ್ಟಿಕೊಳ್ಳುವ ರೇಡಿಯೊ ಸಾಧನ) ಸಿಗ್ನಲ್ ಕೊಡುತ್ತಿದೆಯಾ ಅಂತ ನೋಡಲು. ಫೋನು ಬೀಕನ್‌ನಿಂದ ದೂರದ ಜೇಬಿನಲ್ಲಿರಬೇಕು, ಇಲ್ಲದಿದ್ದರೆ ಸಿಗ್ನಲ್ ಕೆಡುತ್ತದೆ. ನಡೆಯುವಾಗ ಕಾಲಡಿಯ ಹಿಮ 'ಧುಮ್' ಎಂದು ಕುಸಿದ ಸದ್ದಾದರೆ ಅವತ್ತಿನ ದಾರಿಯ ಬಗ್ಗೆ ಚರ್ಚೆಯೇ ಇಲ್ಲ, ಇನ್ನೂ ಸಪಾಟಾದ ಕಡೆಗೆ ತಿರುಗುತ್ತೇವೆ. ಬೋರು ಅನಿಸಬಹುದು. ತಣ್ಣನೆಯ ಒಣ ಪುಡಿಹಿಮದಲ್ಲಿ 25 ಡಿಗ್ರಿ ಇಳಿಜಾರು ಖಂಡಿತ ಬೋರು ಹೊಡೆಸುವುದಿಲ್ಲ.

ಗುಂಪಿನಲ್ಲಿ ಸ್ಪ್ಲಿಟ್‌ಬೋರ್ಡ್ ಮಂದಿ ಇದ್ದರೆ ದಾರಿ ಆರಿಸುವ ರೀತಿಯೇ ಬದಲಾಗುತ್ತದೆ. ಹತ್ತುವಾಗ ಆ ಸ್ನೋಬೋರ್ಡು ಎರಡು ಹೋಳಾಗಿ ಸ್ಕೀ ಆಗುತ್ತದೆ, ಅಡಿಗೆ ಸ್ಕಿನ್, ಅಂದರೆ ಹಿಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿ, ಅಂಟಿಸುತ್ತಾರೆ, ಮೇಲೆ ಮುಟ್ಟಿದ ಮೇಲೆ ಹೋಳುಗಳನ್ನು ಜೋಡಿಸಿ ಇಳಿಯುತ್ತಾರೆ. ನೇರ ಹತ್ತುವುದರಲ್ಲಿ ನಮ್ಮಷ್ಟೇ ಚುರುಕು. ಗಟ್ಟಿ ಹಿಮದಲ್ಲಿ ಇಳಿಜಾರಿಗೆ ಅಡ್ಡ ನಡೆಯಬೇಕಾದಾಗ ಅವರ ಪಾಡು ನೋಡಬೇಕು, ಮೆತ್ತನೆ ಬೂಟು ಬಾಗಿ ಅಂಚು ಕಚ್ಚುವುದೇ ಇಲ್ಲ. ಗಟ್ಟಿ ಹಿಮವನ್ನು ಕಚ್ಚುವ ಲೋಹದ ಹಲ್ಲುಗಳ ಕ್ರಾಂಪನ್ ಬ್ಯಾಗಿನ ತಳದಲ್ಲಲ್ಲ, ಕೈಗೆ ಸಿಗುವ ಕಡೆ ಇಡಬೇಕು. ಇನ್ನೊಂದು, ಬೋರ್ಡು ಜೋಡಿಸುವ ಕೊಂಡಿಗಳ ಸಂದಿಯಲ್ಲಿ ಹಿಮ ಗಟ್ಟಿಯಾಗಿ ಕೂತುಬಿಡುತ್ತದೆ, ಬೂಟು ಹಿಡಿದಿಡುವ ಬೈಂಡಿಂಗ್ ಒಳಗೆ ಹೋಗುವುದಿಲ್ಲ. ನಮ್ಮ ಗೆಳೆಯ ಇದಕ್ಕಂತಲೇ ಜಾಕೆಟ್ ಜೇಬಿನಲ್ಲಿ ಕೆರೆಯಲು ಒಂದು ಪ್ಲಾಸ್ಟಿಕ್ ಪಟ್ಟಿ ಇಟ್ಟಿರುತ್ತಾನೆ, ದಿಬ್ಬದ ಗಾಳಿಯಲ್ಲಿ ಬೆನ್ನು ತಿರುಗಿಸಿ ಕೂತು ಕೆರೆಯುತ್ತಾನೆ, ನಾವು ಕಾಯುತ್ತೇವೆ. ವಾಪಸ್ ದಾರಿಯಲ್ಲಿ ಸಪಾಟು ಬಂದರೆ ಸ್ಕೀಯವರು ಕೋಲು ಊರಿ ತಳ್ಳಿಕೊಂಡು ಹೋಗುತ್ತೇವೆ, ಅವನು ನಿಂತರೆ ನಿಂತಂತೆಯೇ. ಅದಕ್ಕೆ ಅಂಥ ಕಡೆ ಅವನನ್ನೇ ಮೊದಲು ಬಿಡುತ್ತೇವೆ, ವೇಗ ಕಳೆದುಕೊಳ್ಳದೆ ಒಂದೇ ಉಸಿರಿಗೆ ದಾಟಲಿ ಅಂತ.

ಶಿಖರಗಳಿಗೆ ಏಪ್ರಿಲ್ ಬರಬೇಕು. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ, ಮತ್ತೆ ಕರಗಿ ಮತ್ತೆ ಹೆಪ್ಪುಗಟ್ಟಿ, ಹಿಮ ಒಂದಾಗಿ ಕೂಡಿಕೊಳ್ಳುತ್ತದೆ. ಆಗ ಆಟವೆಲ್ಲ ಗಡಿಯಾರದ್ದು. ಕತ್ತಲಲ್ಲೇ ತಲೆದೀಪ ಹಾಕಿ ಹೊರಡುತ್ತೇವೆ. ಬಿಸಿಲು ಮೊದಲು ಪೂರ್ವದ ಮುಖಕ್ಕೆ ಬೀಳುತ್ತದೆ, ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ. ಮೇಲಿನ ಎರಡು ಮೂರು ಸೆಂಟಿಮೀಟರ್ ಮಾತ್ರ ಮೆತ್ತಗಾದ ಹೊತ್ತಿಗೆ ಇಳಿದರೆ ಬೆಣ್ಣೆ. ಬೂಟು ಪಾದದ ಗಂಟಿನವರೆಗೆ ಹೂತುಹೋಗಲು ಶುರುವಾದರೆ ಹೊತ್ತು ಮೀರಿದೆ, ಹಸಿ ಹಿಮ ಜಾರುವ ಸಮಯ ಅದು. ರಾತ್ರಿ ಮೋಡ ಕವಿದು ಹೆಪ್ಪುಗಟ್ಟದೇ ಇದ್ದ ದಿನ ನಾವು ಹೊರಡುವುದೇ ಇಲ್ಲ, ಊರಲ್ಲೇ ಸೈಕಲ್ ತುಳಿಯುತ್ತೇವೆ.

ಇಲ್ಲಿ ಮಾತ್ರ ಇನ್ನೊಂದು ಕಿರಿಕಿರಿ ಇದೆ, ಧೂಳು. ವಸಂತದ ಗಾಳಿ ಕೊಲರಾಡೊ ಪ್ರಸ್ಥಭೂಮಿಯ ಕೆಂಪು ಮಣ್ಣನ್ನು ಎತ್ತಿ ತಂದು ಹಿಮದ ಮೇಲೆ ಹರಡುತ್ತದೆ. ಬಿಳಿ ಹಿಮ ಬಿಸಿಲನ್ನು ವಾಪಸ್ ಕಳಿಸುತ್ತದೆ, ಕಂದು ಹಿಮ ಹೀರಿಕೊಳ್ಳುತ್ತದೆ. ಹಾಗಾಗಿ ಧೂಳು ಬಿದ್ದ ಕಡೆ ಹಿಮ ವಾರಗಟ್ಟಲೆ ಮೊದಲೇ ಕರಗಿಹೋಗುತ್ತದೆ. ನಮ್ಮ ಸಮಯದ ಲೆಕ್ಕವೂ ತಪ್ಪುತ್ತದೆ, ಪಕ್ಕದ ಬಿಳಿ ಹಿಮ ಇನ್ನೂ ಗಟ್ಟಿ ಇರುವಾಗಲೇ ಕಂದು ಪಟ್ಟಿ ಮೆತ್ತಗಾಗಿರುತ್ತದೆ. ವೇಗದಲ್ಲಿ ಬಂದು ಆ ಪಟ್ಟಿಗೆ ಹೊಕ್ಕರೆ ಯಾರೋ ಬ್ರೇಕು ಹಾಕಿದಂತೆ ಸ್ಕೀ ಹಿಡಿದುಕೊಳ್ಳುತ್ತದೆ, ಮುಖ ಅಡಿಯಾಗಿ ಬೀಳುವ ಛಾನ್ಸು ಜಾಸ್ತಿ. ಭಾರ ಸ್ವಲ್ಪ ಹಿಂದಕ್ಕೆ ಹಾಕಿ ದಾಟಿ.

ಧೂಳಿನ ಹಿಮದಲ್ಲಿ ಹತ್ತಿದ ದಿನ ಸ್ಕಿನ್‌ಗಳ ಅಂಟಿಗೆ ಮಣ್ಣು ಮೆತ್ತಿಕೊಳ್ಳದ ಹಾಗೆ ನೋಡಿಕೊಳ್ಳಿ, ತೆಗೆದ ತಕ್ಷಣ ಅಂಟಿಗೆ ಅಂಟು ಸೇರಿಸಿ ಮಡಚಿ. ವಾಪಸ್ ಬಂದ ಮೇಲೆ ಅವನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಬೆಟ್ಟದ ಮೇಲೆ ಹಿಮವಿದ್ದರೂ ಕೆಳಗೆ ಮೋಆಬ್‌ನಲ್ಲಿ ಆಗಲೇ ಬೇಸಿಗೆ, ಬಿಸಿಗೆ ಅಂಟು ಸಡಿಲಾಗಿ ಮುಂದಿನ ಸಲ ಸ್ಕೀ ತಳಕ್ಕೇ ಹತ್ತಿಕೊಳ್ಳುತ್ತದೆ. ನೆರಳಲ್ಲಿ ನೇತುಹಾಕಿ ಒಣಗಿಸಿ.