400 ರೂಪಾಯಿ ತಕ್ಕಡಿ, 15 ಸಾವಿರದ ಉಂಡಿ

ಇವತ್ತು ಬೆಳಿಗ್ಗೆ ತೂಗಿದಾಗ ನಮ್ಮ ಗಿನಿಪಿಗ್ ಉಂಡಿ 962 ಗ್ರಾಂ ಇದ್ಲು. ಹೋದ ವರ್ಷ ಏಪ್ರಿಲ್‌ನಲ್ಲಿ ಇದೇ ತಕ್ಕಡಿ ಮೇಲೆ 730ಕ್ಕೆ ಇಳಿದಿದ್ಲು. ಆಗ "ಬಿಟ್ಬಿಡಿ, ಅದರ ಆಯಸ್ಸು ಅಷ್ಟೇ" ಅಂದೋರು ಕಡಿಮೆ ಅಂದ್ರೂ ಆರು ಜನ, ಅದರಲ್ಲಿ ಇಬ್ರು ಡಾಕ್ಟರು. ಡಾಕ್ಟರುಗಳನ್ನ ಬಿಟ್ಟು ಉಳಿದ ಎಲ್ರಿಗೂ ಫೋಟೋ ಕಳಿಸಿದ್ದೀನಿ, ತಕ್ಕಡಿ ನಂಬರ್ ಕಾಣೋ ಹಾಗೆ.

ನಾವು ಧಾರವಾಡ ಕಡೆಯವ್ರು, ಪುಣೆಯಲ್ಲಿ ಸಿಂಹಗಡ ರೋಡ್ ಹತ್ರ ಮನೆ. ಎರಡು ಹೆಣ್ಣು ಗಿನಿಪಿಗ್, ಉಂಡಿ ಮತ್ತೆ ಚಕ್ಕುಲಿ. ಸೊಸೈಟಿ ವಾಚ್‌ಮನ್‌ಗೆ ಮಾತ್ರ ಎರಡೂ "ಪಾಂಢರಾ ಉಂದೀರ್", ಅಂದ್ರೆ ಬಿಳಿ ಇಲಿ, ಚಕ್ಕುಲಿ ಕಂದು ಬಣ್ಣ ಅಂತ ಹೇಳಿ ಹೇಳಿ ಸಾಕಾಯ್ತು. ಸಾಕೋರಿಗೆ ಹಲ್ಲು, ವಿಟಮಿನ್ ಸಿ, ಒಣಹುಲ್ಲು ಎಲ್ಲಾ ಗೊತ್ತಿರೋದೇ, ಅದನ್ನ ಬಿಟ್ಟು ನನ್ನ ತಪ್ಪುಗಳನ್ನ ಬರೀತೀನಿ.

ತಕ್ಕಡಿ ತಂದಿದ್ದು ನನ್ ಹೆಂಡ್ತಿ ಕೇಕ್ ಮಾಡೋಕೆ ಅಂತ, 400 ರೂಪಾಯಿ. ಕೇಕ್ ಎರಡೇ ಸಲ ಆಯ್ತು, ಆಮೇಲೆ ತಕ್ಕಡಿ ನನ್ನದಾಯ್ತು. ನಾನು ಅಕೌಂಟ್ಸ್ ಕೆಲಸದವನು, ನಂಬರ್ ಬರೀದೇ ಇದ್ರೆ ನಿದ್ದೆ ಬರಲ್ಲ, ಹಂಗಾಗಿ ದಿನಾ ಬೆಳಿಗ್ಗೆ ಸೊಪ್ಪು ಹಾಕೋ ಮುಂಚೆ ಒಂದು ಸ್ಟೀಲ್ ಡಬ್ಬಿಯಲ್ಲಿ ಕೂರಿಸಿ ತೂಗಿ ಹಳೇ ಡೈರಿಯಲ್ಲಿ ಬರೀತಿದ್ದೆ. ಹೊತ್ತು ಒಂದೇ ಇರ್ಬೇಕು, ಇಲ್ಲಾಂದ್ರೆ ಒಂದು ತುಂಡು ಸೌತೆಕಾಯಿ ತಿಂದು ಉಚ್ಚೆ ಹೊಯ್ದ್ರೆ 20-30 ಗ್ರಾಂ ಹಿಂದೆ ಮುಂದೆ ಆಗುತ್ತೆ. ನಮ್ ಭಾವಮೈದ ಲ್ಯಾಬ್ರಡಾರ್ ಸಾಕಿದಾನೆ, ಅವನು ಬಂದಾಗೆಲ್ಲ "ಏನ್ ಭಾವ, ಇವತ್ತು ಬಂಗಾರದ ರೇಟ್ ಎಷ್ಟು" ಅಂತ ಕೇಳಿ ನಗ್ತಿದ್ದ.

ಮಾರ್ಚ್ ಮೊದಲ ವಾರ ಉಂಡಿ 940, ಆಮೇಲೆ 925, ಆಮೇಲೆ 905. ತಿನ್ನೋದು ಮಾಮೂಲಿ, ಫ್ರಿಜ್ ಬಾಗಿಲು ತೆಗೆದ್ರೆ ಕೂಗೋದು ಮಾಮೂಲಿ, ಹಿಕ್ಕೆನೂ ಚೆನ್ನಾಗೇ ಇತ್ತು. ಮನೇಲಿ ಯಾರೂ ನಂಬಲಿಲ್ಲ. ಹತ್ತು ದಿನ ಆದ್ಮೇಲೆ ಮೂಲೆಯಲ್ಲಿ ಮುದುರ್ಕೊಂಡು ಕೂರೋಕೆ ಶುರು, ಉಚ್ಚೆ ಹೊಯ್ಯುವಾಗ ಸಣ್ಣಗೆ ಕೀಂಯ್ ಅನ್ನೋದು, ಕೆಳಗೆ ಹಾಸಿದ ಬಟ್ಟೆ ಮೇಲೆ ತಿಳಿ ಗುಲಾಬಿ ಕಲೆ. ಬೀಟ್‌ರೂಟ್ ತಿಂದ್ರೂ ಹಂಗೇ ಕಾಣುತ್ತೆ, ಎಷ್ಟೋ ಸಲ ಉಚ್ಚೆ ಒಣಗಿದ್ಮೇಲೆ ತಾನೇ ಬಣ್ಣ ತಿರುಗುತ್ತೆ, ಅದಕ್ಕೆ ಬಟ್ಟೆ ತೆಗೆದು ಪ್ಲಾಸ್ಟಿಕ್ ಶೀಟ್ ಹಾಕಿ, ಬಿಸಿಬಿಸಿ ಉಚ್ಚೆನ ಸಿರಿಂಜಲ್ಲಿ ಎಳೆದು, ಮೆಡಿಕಲ್‌ನಲ್ಲಿ ಸಿಗೋ ಮನುಷ್ಯರ ಯೂರಿನ್ ಸ್ಟ್ರಿಪ್ ಮೇಲೆ ಬಿಟ್ಟೆ. ರಕ್ತ ಇದ್ರೆ ಬಣ್ಣ ತಿರುಗೋ ಚೌಕ ಕಡು ಹಸಿರಾಯ್ತು. ಈ ಸ್ಟ್ರಿಪ್ ಐಡಿಯಾ ನಂದೇ, ಯಾರೂ ಹೇಳ್ಕೊಟ್ಟಿದ್ದಲ್ಲ.

ಮೊದಲ ಕ್ಲಿನಿಕ್ ಮನೆ ಹತ್ರದ್ದು, ನಾಯಿ ಬೆಕ್ಕು ನೋಡೋದು. ಅವರು ಉಂಡಿನ ಮುಟ್ಟಲೂ ಇಲ್ಲ, "ನವೀನ್ ಘ್ಯಾ" ಅಂದ್ರು, ಹೊಸದು ತಗೊಳ್ಳಿ ಅಂತ. ಫೀಸ್ ಮಾತ್ರ 400. ತಕ್ಕಡಿ ದುಡ್ಡು ಒಂದೇ ಮಾತಿಗೆ ಹೋಯ್ತು. ಎರಡನೇ ಡಾಕ್ಟರ್ ಪರವಾಗಿಲ್ಲ, ಇನ್ಫೆಕ್ಷನ್ ಅಂತ ಎನ್ರೋಫ್ಲಾಕ್ಸಸಿನ್ ಅನ್ನೋ ಆಂಟಿಬಯಾಟಿಕ್ ಹತ್ತು ದಿನ ಕೊಟ್ರು. ಐದಾರು ದಿನಕ್ಕೆ ಕಲೆ ಹೋಯ್ತು, ನಾನು ಪೇಡಾ ಹಂಚೋದೊಂದು ಬಾಕಿ, ಕೋರ್ಸ್ ಮುಗಿದ ನಾಲ್ಕನೇ ದಿನಕ್ಕೆ ಮತ್ತೆ ಬಂತು, ತೂಕ 870. ಮತ್ತೆ ಹೋದ್ರೆ ಅದೇ ಔಷಧ ಇನ್ನೂ ಹತ್ತು ದಿನ, ಅದಕ್ಕೂ ಬಗ್ಗದಿದ್ರೆ ಆಸೆ ಇಟ್ಕೋಬೇಡಿ ಅಂದ್ರು. ಇದರ ಮಧ್ಯೆ ಮೆಡಿಕಲ್ ಅಂಗಡಿಯವ್ನು ಮಕ್ಕಳ ಗುಲಾಬಿ ಸಿರಪ್ ತೋರಿಸಿ "ಇದನ್ನ ಎರಡು ಹನಿ ಹಾಕಿ" ಅಂದ. ಆಮಾಕ್ಸಿಸಿಲಿನ್! ಹೊಟ್ಟೆಯ ಒಳ್ಳೇ ಬ್ಯಾಕ್ಟೀರಿಯಾ ಎಲ್ಲಾ ಸತ್ತು ಕೆಲವೇ ದಿನದಲ್ಲಿ ಪ್ರಾಣ ಹೋಗ್ತಿತ್ತು. ಪೆನಿಸಿಲಿನ್ ಜಾತಿದು ಗಿನಿಪಿಗ್ ಬಾಯಿಗೆ ಬೇಡವೇ ಬೇಡ ಅನ್ನೋದು ನಿಮಗೆ ಗೊತ್ತು, ಅವನಿಗೆ ಗೊತ್ತಿರ್ಲಿಲ್ಲ.

ಮೂರನೇ ಡಾಕ್ಟರ್‌ನ ಹುಡುಕಿದ್ದು ಫೋನಲ್ಲಿ, ಮತ್ತೆ ಇದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆನೂ ಇದೆ. "ಗಿನಿಪಿಗ್ ನೋಡ್ತೀರಾ" ಅಂತ ಕೇಳಿದ್ರೆ ಎಲ್ರೂ ಹೂಂ ಅಂತಾರೆ. ನಾನು ಹಂಗೆ ಕೇಳ್ಲೇ ಇಲ್ಲ. ಗ್ಯಾಸ್ ಅನಸ್ತೇಶಿಯಾ, ಅಂದ್ರೆ ಐಸೋಫ್ಲುರೇನ್, ಇದೆಯಾ ಅಂತ ಒಂದು. ಮೊಲ ಗಿನಿಪಿಗ್‌ಗೆ ಆಪರೇಷನ್ ಕೊನೇ ಸಲ ಯಾವಾಗ ಮಾಡಿದ್ರಿ ಅಂತ ಎರಡು. ಮೂರನೇ ಪ್ರಶ್ನೆ ಇಲ್ಲಿ ಬರೆಯಲ್ಲ, ಬರೆದ್ರೆ ಎಲ್ರೂ ಉತ್ತರ ಬಾಯಿಪಾಠ ಮಾಡಿಬಿಡ್ತಾರೆ. ಒಂಬತ್ತೋ ಹತ್ತೋ ನಂಬರ್ ಹಚ್ಚಿದೆ, ಮೂರಕ್ಕೂ ಸರಿ ಉತ್ತರ ಕೊಟ್ಟಿದ್ದು ಒಬ್ರೇ, ಊರಿನ ಇನ್ನೊಂದು ತುದಿ, ಸುಮಾರು 18 ಕಿಲೋಮೀಟರ್.

ಏಪ್ರಿಲ್ ಪುಣೆ ಬಿಸಿಲು, ಮಧ್ಯಾಹ್ನ 39-40. ಇವಕ್ಕೆ 28 ದಾಟಿದ್ರೇ ಕಷ್ಟ. ಅದಕ್ಕೆ ಬೆಳಿಗ್ಗೆ ಏಳಕ್ಕೇ ರಿಕ್ಷಾ, ಬುಟ್ಟಿಯೊಳಗೆ ಐಸ್ ಆದ ನೀರಿನ ಬಾಟಲಿನ ಟವೆಲ್‌ನಲ್ಲಿ ಸುತ್ತಿ ಒಂದು ಪಕ್ಕಕ್ಕೆ, ಜೊತೆಗೆ ಚಕ್ಕುಲಿ. ಗೆಳತಿ ಪಕ್ಕದಲ್ಲಿದ್ರೆ ಉಂಡಿ ದಾರಿಯಲ್ಲೂ ಏನಾದ್ರೂ ಮೆಲ್ಲುತ್ತೆ, ಒಂಟಿಯಾದ್ರೆ ಕಲ್ಲಾಗಿ ಕೂರುತ್ತೆ. ಡಾಕ್ಟರಮ್ಮ ನನ್ನ ಡೈರಿ ನೋಡಿದ್ರು, ಐದು ವಾರದ ತೂಕ, ದಿನಾ. ರಕ್ತ ಕಾಣೋ ಮುಂಚೆನೇ ತೂಕ ಇಳಿಯೋಕೆ ಶುರುವಾಗಿದೆ, ಬರೀ ಇನ್ಫೆಕ್ಷನ್ ಅನ್ಸಲ್ಲ, ಮೊದಲು ಎಕ್ಸ್‌ರೇ ತೆಗೆಯೋಣ ಅಂದ್ರು. ಭಾವಮೈದನಿಗೆ ಅಲ್ಲಿಂದಲೇ ಮೆಸೇಜ್ ಹಾಕಿದೆ.

ಎಕ್ಸ್‌ರೇಯಲ್ಲಿ ಮೂತ್ರಚೀಲ ಬೆಳ್ಳಗೆ ಹೊಳೀತಿತ್ತು. ಕ್ಯಾಲ್ಸಿಯಂ ಮರಳು, ಕೆಸರಿನ ಹಾಗೆ. ಗಟ್ಟಿ ಕಲ್ಲು ಇರ್ಲಿಲ್ಲ, ಅದು ನಮ್ಮ ಪುಣ್ಯ, ಗಿನಿಪಿಗ್ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅದನ್ನ ಊಟ ಬದಲಾಯಿಸಿ ಕರಗಿಸೋಕೆ ಆಗಲ್ಲ, ಕೊಯ್ದೇ ತೆಗೀಬೇಕು.

ಈಗ ನನ್ನ ತಪ್ಪು. ದುಡ್ಡು ಉಳಿಸೋಕೆ ಅಂತ ಆರೇಳು ತಿಂಗಳಿಂದ ಪ್ಯಾಕೆಟ್ ಟಿಮೊಥಿ ಹುಲ್ಲು ಬಿಟ್ಟು, ದನದ ಮೇವಿನ ಅಂಗಡಿಯಿಂದ ಲಸೂಣ್ ಘಾಸ್ ತರ್ತಿದ್ದೆ, 20 ರೂಪಾಯಿಗೆ ಇಷ್ಟು ದಪ್ಪ ಪೆಂಡಿ. ಹೆಸರಲ್ಲಿ ಬೆಳ್ಳುಳ್ಳಿ ಇದ್ರೂ ಬೆಳ್ಳುಳ್ಳಿಗೂ ಅದಕ್ಕೂ ಸಂಬಂಧ ಇಲ್ಲ. ಮರಾಠಿಯವರ ಲಸೂಣ್ ಘಾಸ್ ಅಂದ್ರೆ ನಮ್ಮ ಕುದುರೆ ಮೆಂತೆ, ಕುದುರೆ ಮೆಂತೆ ಅಂದ್ರೆ ಲೂಸರ್ನ್, ಲೂಸರ್ನ್ ಅಂದ್ರೆ ಅಲ್ಫಾಲ್ಫಾ! ಕ್ಯಾಲ್ಸಿಯಂ ಜಾಸ್ತಿ ಇರೋ ಅಲ್ಫಾಲ್ಫಾನ ಬೆಳೆದ ಗಿನಿಪಿಗ್‌ಗೆ ಕೊಡಬಾರದು ಅಂತ ನಾನೇ ನಾಲ್ಕು ಜನಕ್ಕೆ ಬುದ್ಧಿ ಹೇಳಿದೋನು, ಮೂರು ಹೆಸರಲ್ಲಿ ಮೋಸ ಹೋದೆ. ಅದರ ಮೇಲೆ ವಾರಕ್ಕೆ ಮೂರು ಸಲ ನುಗ್ಗೆಸೊಪ್ಪು, ಪೌಷ್ಟಿಕ ಅಂತ. ನೂರು ಗ್ರಾಮಿಗೆ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಅದರಲ್ಲಿ. ನಮ್ ಮೈ ಬೇಕಾದಷ್ಟೇ ಹೀರುತ್ತೆ, ಇವುಗಳ ಮೈ ಕ್ಯಾಲ್ಸಿಯಂನ ಬೇಕಾದ್ದಕ್ಕಿಂತ ಜಾಸ್ತಿ ಹೀರಿ ಮಿಕ್ಕಿದ್ದನ್ನ ಉಚ್ಚೆಯಲ್ಲಿ ಹೊರಗೆ ಹಾಕುತ್ತೆ. ಚಕ್ಕುಲಿನೂ ಅದೇ ತಿಂದಿದ್ಲು, ಆದ್ರೆ ಅವಳು ನೀರಿನ ಬಾಟಲಿ ಬಿಟ್ಟು ಅಲ್ಲಾಡೋಳಲ್ಲ, ಉಂಡಿ ನೀರೇ ಮುಟ್ಟಲ್ಲ. ಅಷ್ಟೇ ವ್ಯತ್ಯಾಸ ಅಂತ ನನ್ ಲೆಕ್ಕ.

ಮೂತ್ರಚೀಲ ತೊಳೆದಿದ್ದು ಗ್ಯಾಸ್ ಕೊಟ್ಟು, ಸಲೈನ್‌ನಲ್ಲಿ, ಅರ್ಧ ದಿನ ಅಲ್ಲೇ ಇಟ್ಕೊಂಡ್ರು. ಪುಣೆಯಲ್ಲೇ ಗಿನಿಪಿಗ್ ಸಾಕೋ ಗೆಳೆಯರು ಮೂವರು "ಅನಸ್ತೇಶಿಯಾದಿಂದ ಎದ್ದೇಳಲ್ಲ" ಅಂತ ಹೆದರಿಸಿದ್ರು. ಎದ್ಲು. ಆದ್ರೆ ಮನೆಗೆ ಬಂದು ತಿನ್ನೋದು ನಿಲ್ಲಿಸಿದ್ಲು. ಹೊಟ್ಟೆ ಡೋಲು, ಹಿಕ್ಕೆ ಇಲ್ಲ. ಇವು ಹನ್ನೆರಡು ತಾಸು ಉಪವಾಸ ಬಿದ್ರೂ ಗಾಬರಿ ಆಗ್ಬೇಕಾದ ಪ್ರಾಣಿ, ಕರುಳು ನಿಂತ್ರೆ ಹಿಂದೆನೇ ಲಿವರ್. ನೋವಿಗೆ ಮೆಲಾಕ್ಸಿಕ್ಯಾಮ್, ಗ್ಯಾಸಿಗೆ ಸಿಮೆಥಿಕೋನ್ ಹನಿ ಡಾಕ್ಟರಮ್ಮ ಅಳತೆ ಸಮೇತ ಬರೆದುಕೊಟ್ರು, ಊಟದ ಜವಾಬ್ದಾರಿ ಮಾತ್ರ ನಿಮ್ಮದು ಅಂದ್ರು.

ಹನ್ನೊಂದು ದಿನ, ಮೂರು ತಾಸಿಗೊಮ್ಮೆ, ರಾತ್ರಿ 12ಕ್ಕೆ 3ಕ್ಕೆ ಅಲಾರಂ. ದಿನಕ್ಕೆ 50-60 ಎಂಎಲ್ ಗಂಜಿ ಒಳಗೆ ಹೋಗ್ಬೇಕು, ಒಂದು ಹೊತ್ತಿಗೆ 7-8. ಮೊದಲು 5 ಎಂಎಲ್ ಸಿರಿಂಜಲ್ಲಿ ಕೊಟ್ಟೆ, ದಬಕ್ ಅಂತ ಜಾಸ್ತಿ ಹೋಗಿ ಮೂಗಲ್ಲಿ ಬಂತು, ಶ್ವಾಸಕೋಶಕ್ಕೆ ಹೋಗಿದ್ರೆ ಕಥೆ ಅವತ್ತೇ ಮುಗೀತಿತ್ತು. ಆಮೇಲೆ 1 ಎಂಎಲ್‌ದು, ಮೂತಿ ಕತ್ತರಿಸಿ ಅಂಚನ್ನ ಉಜ್ಜಿ ನುಣುಪು ಮಾಡಿ, ಮುಂದಿನ ಹಲ್ಲಿನ ಹಿಂದೆ ಖಾಲಿ ಜಾಗ ಇರುತ್ತಲ್ಲ ಅಲ್ಲಿಂದ ಪಕ್ಕಕ್ಕೆ, ಅರ್ಧ ಎಂಎಲ್, ಅಗಿಯೋತನಕ ಕಾಯೋದು, ಮತ್ತೆ ಅರ್ಧ. ಒಂದು ಹೊತ್ತಿಗೆ 40 ನಿಮಿಷ. ಸುತ್ತೋಕೆ ಟವೆಲ್‌ಗಿಂತ ಹಳೇ ಕಾಟನ್ ಪಂಚೆ ಬೆಸ್ಟ್.

ಆ ಗಂಜಿ ಕಲಸೋ ಹೊರದೇಶದ ರಿಕವರಿ ಪುಡಿ ಆರನೇ ದಿನಕ್ಕೆ ಖಾಲಿ, ಇನ್ನೊಂದು ಬರೋಕೆ ಮೂರು ದಿನ. ಪಕ್ಕದ ಮನೆ ಹಾಸನದವ್ರು "ರಾಗಿ ಮಾಲ್ಟ್ ಕೊಡಿ, ಹಸುಗೂಸಿಗೇ ಕೊಡ್ತೀವಿ" ಅಂದ್ರು. ಎರಡು ಹೊತ್ತು ಕೊಟ್ಟೆ, ಹೊಟ್ಟೆ ಮತ್ತೆ ಉಬ್ಬಿತು, ಹಿಟ್ಟಿನ ಪದಾರ್ಥ ಇವಕ್ಕೆ ಆಗಲ್ಲ, ಆಮೇಲೆ ತಲೆಗೆ ಹೊಳೀತು, ರಾಗಿ ಅಂದ್ರೇ ಕ್ಯಾಲ್ಸಿಯಂ! ಮೂತ್ರಚೀಲದ ಮರಳು ತೊಳೆಸಿ ರಾಗಿ ಕುಡಿಸ್ತಿದ್ದೀನಿ! ಅವತ್ತೇ ತೂಕ 730. ಆಮೇಲೆ ಟಿಮೊಥಿ ಪೆಲೆಟ್‌ನ ಮಿಕ್ಸಿಯಲ್ಲಿ ಪುಡಿ ಮಾಡಿ, ಚಹಾ ಸೋಸೋ ಜರಡಿಯಲ್ಲಿ ಸೋಸಿ, ಬಿಸಿನೀರಲ್ಲಿ ನೆನೆಸಿ ನಾನೇ ಕಲಸಿದೆ. ಜೊತೆಗೆ ಒಂದು ಪದಾರ್ಥ ಚಿಟಿಕೆಯಷ್ಟು ಹಾಕ್ತೀನಿ, ಅದು ಹಾಕಿದ್ಮೇಲೆ ಉಂಡಿ ತಾನೇ ಸಿರಿಂಜ್ ಕಚ್ಚೋಕೆ ಬಂದ್ಲು. ಅದೇನು ಅಂತ ನಂಗೇ ಇರ್ಲಿ, ಡಾಕ್ಟರಮ್ಮನಿಗೆ ಗೊತ್ತು. ವಿಟಮಿನ್ ಸಿ ನೀರಲ್ಲಿ ಹಾಕಿ ದಂಡ, ಹಾಳಾಗಿ ಹೋಗುತ್ತೆ. ನಾನು ಚೀಪೋ 500 ಮಿಲಿಗ್ರಾಂ ಮಾತ್ರೆಯ ಕಾಲಿನಲ್ಲಿ ಕಾಲು, ಅಂದಾಜು 30 ಮಿಲಿಗ್ರಾಂ, ಅರೆದು ಗಂಜಿಗೆ ಬೆರೆಸಿದೆ, ತಿನ್ನೋಕೆ ಶುರು ಮಾಡಿದ್ಮೇಲೆ ಕೆಂಪು ಕ್ಯಾಪ್ಸಿಕಂ.

ಇನ್ನೊಂದು ಪ್ರಯೋಗ ಹೇಳಿದ್ರೆ ಹೇಸ್ಕೋತೀರಿ. ಚಕ್ಕುಲಿಯ ತಾಜಾ ಹಿಕ್ಕೆ ನಾಲ್ಕು, ನೀರಲ್ಲಿ ಕದಡಿ, ಸೋಸಿ, ಆ ನೀರನ್ನ ಉಂಡಿಗೆ ಕುಡಿಸಿದ್ದು. ಆರೋಗ್ಯವಾಗಿರೋದರ ಹೊಟ್ಟೆಯ ಬ್ಯಾಕ್ಟೀರಿಯಾ ಇದಕ್ಕೆ ಸಿಗ್ಲಿ ಅಂತ, ಡಾಕ್ಟರಮ್ಮನ್ನ ಕೇಳಿಯೇ ಮಾಡಿದ್ದು. ಹೆಂಡ್ತಿ ಆ ಸೋಸೋ ಜರಡಿ ಎಸೆದು ಹೊಸದು ತರಿಸಿದ್ಲು, ಅದು 60 ರೂಪಾಯಿ, ಲೆಕ್ಕಕ್ಕೆ ಹಿಡಿದಿಲ್ಲ. ಒಂಬತ್ತನೇ ರಾತ್ರಿ ಮೂರರ ಅಲಾರಂಗೆ ಎದ್ದು ಲೈಟ್ ಹಾಕಿದ್ರೆ ಬಟ್ಟೆ ಮೇಲೆ ಹದಿನಾಲ್ಕು ಹಿಕ್ಕೆ, ಒಳ್ಳೇ ಆಕಾರ. ಎಣಿಸಿ ಡೈರಿಯಲ್ಲಿ ಬರೆದೇ ಮಲಗಿದ್ದು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಮೊದಲನೇ ಕ್ಲಿನಿಕ್ 400, ಎರಡನೇದು ಔಷಧ ಸೇರಿ 950, ಮೂರನೇದು ಫೀಸ್ 700, ಎಕ್ಸ್‌ರೇ ಎರಡು ಸಲ 1400, ಉಚ್ಚೆ ಟೆಸ್ಟ್ 300, ತೊಳೆಸಿದ್ದು 6500ರ ಆಸುಪಾಸು, ಔಷಧ 900, ಪುಡಿ 1600, ರಿಕ್ಷಾಕ್ಕೇ 2200. ಹದಿನೈದು ಸಾವಿರಕ್ಕೆ ಐವತ್ತು ಕಮ್ಮಿ. ಉಂಡಿನ ತಂದಿದ್ದು 700ಕ್ಕೆ. ಅಪ್ಪಗ ಫೋನಲ್ಲಿ ಬಾಯ್ತಪ್ಪಿ ಹೇಳ್ಬಿಟ್ಟೆ. "ಇಲಿಗಿ ಹದಿನೈದ್ ಸಾವ್ರನೋ? ಅಷ್ಟರಾಗ ಮರಿ ಸಹಿತ ಒಂದ್ ಛಲೋ ಆಡು ಬರ್ತಿತ್ತಲ್ಲೋ, ಹಾಲರ ಕುಡೀತಿದ್ದಿ" ಅಂದ್ರು. ಅವ್ವ ಹಿಂದಿಂದ "ಈಗ ಹೆಂಗೈತಿ ಅದು?" ಅಂತ ಕೇಳಿದ್ಲು, ಅಷ್ಟೇ.

ಆದ್ರೆ ಅಪ್ಪನ ಒಂದು ಮಾತು ಬಹಳ ಉಪಯೋಗಕ್ಕೆ ಬಂತು. ಲಸೂಣ್ ಘಾಸ್ ಬಿಟ್ಮೇಲೆ ಸಸ್ತಾದ ಹುಲ್ಲು ಹುಡುಕ್ತಾ ಮೇವಿನ ಅಂಗಡಿಯ ಹಸೀ ಜೋಳದ ಗರಿ ತರೋಕೆ ಹೊರಟಿದ್ದೆ, "ಎಳೀ ಜೋಳ ತಿಂದು ಎತ್ತು ಬಿದ್ದಿದ್ದು ನೋಡಿಲ್ಲೇನು" ಅಂತ ತಡೆದ್ರು. ಹೌದು, ಎಳೇ ಜೋಳದಲ್ಲಿ ಸೈನೈಡ್ ವಿಷ ಇರುತ್ತೆ. ಒಣಗಿದ ಜೋಳದ ದಂಟು, ನಮ್ಮ ಕಣಿಕಿ, ಇಲ್ಲಿಯವ್ರ ಕಡಬಾ ಕುಟ್ಟಿ, ತಂದೆ, ಎಲೆ ತಿಂದು ದಂಟು ಬಿಟ್ರು, 40 ರೂಪಾಯಿ ಗುಡಿಸಿ ಹಾಕ್ದೆ. ಕೊನೆಗೆ ಗೆದ್ದಿದ್ದು ಗರಿಕೆ. ಪುಣೆಯಲ್ಲಿ ಗಣಪತಿ ಗುಡಿಗೆ ಬರವಿಲ್ಲ, ಗುಡಿ ಎದುರು ದೂರ್ವಾ ಕಟ್ಟು ಮಾರ್ತಾರೆ, ಆದ್ರೆ ಅದು ಇಪ್ಪತ್ತೊಂದು ಎಳೆ, ಉಂಡಿಗೆ ಒಂದು ತುತ್ತು, ಸಂಕಷ್ಟಿ ದಿನ ರೇಟ್ ಬೇರೆ ಏರುತ್ತೆ. ಅದಕ್ಕೆ ಬಾಲ್ಕನಿಯಲ್ಲಿ ಆರು ಟ್ರೇ, ಊರಿಂದ ತಂದ ಗರಿಕೆ ಬೇರು. ಮಳೆಗಾಲದಲ್ಲಿ ಸಾಕಾಗಿ ಮಿಗುತ್ತೆ, ಬೇಸಿಗೆಗೆ ಒಣಗಿಸಿ ಇಡ್ತೀನಿ, ಆದ್ರೂ ಅರ್ಧದಷ್ಟು ಟಿಮೊಥಿ ಈಗಲೂ ದುಡ್ಡು ಕೊಟ್ಟೇ ತರೋದು, ಅದರಲ್ಲಿ ಜಿಪುಣತನ ಬಿಟ್ಟಿದ್ದೀನಿ. ನೀರು ಟ್ಯಾಂಕರ್‌ದು ಬಿಟ್ಟು ಫಿಲ್ಟರ್‌ದು, ಸೊಪ್ಪನ್ನ ತೊಳೆದು ಒರೆಸದೇ ಹಸಿಹಸಿ ಕೊಡೋದು, ಉಂಡಿ ಹೊಟ್ಟೆಗೆ ನೀರು ಹೋಗೋದು ಹೆಚ್ಚಾಗಿ ಹಾಗೇನೇ.

ಮೊನ್ನೆ ಜನವರಿಯಲ್ಲಿ ಇನ್ನೊಂದು ಎಕ್ಸ್‌ರೇ ಆಯ್ತು, ಮೂತ್ರಚೀಲ ತಿಳಿಯಾಗಿದೆ, ತಳದಲ್ಲಿ ಒಂಚೂರು ಮಬ್ಬು. ಆರು ತಿಂಗಳಿಗೆ ಮತ್ತೆ ಬನ್ನಿ ಅಂದಿದ್ದಾರೆ. ಭಾವಮೈದ ಹೋದ ವಾರ ಬಂದಿದ್ದ, ಲ್ಯಾಬ್ರಡಾರ್ ಯಾಕೋ ಸೊರಗ್ತಾ ಇದೆಯಂತೆ, ತಕ್ಕಡಿ ಯಾವ ಕಂಪನಿದು ಅಂತ ಕೇಳಿದ. ಇದು 5 ಕಿಲೋವರೆಗೆ ಮಾತ್ರ ತೂಗುತ್ತೆ ಅಂತ ಹೇಳಿ ಕಳಿಸ್ದೆ.