ವರಾಹದ ಬೆಲೆ ಇರುವುದು ಹಿಂಬದಿಯಲ್ಲಿ

ವರಾಹ, ಮೊಹರು, ಬ್ರಿಟಿಷರ ಸವರನ್‌ನಂಥ ಹಳೆಯ ಚಿನ್ನದ ನಾಣ್ಯಕ್ಕೆ ಬೆಲೆ ಕಟ್ಟಲು ನಾನು ಬಳಸುವ ಸಾಮಾನು ಹೆಚ್ಚಿಲ್ಲ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಮಸೂರ, 0.001 ಗ್ರಾಂವರೆಗೆ ತೋರಿಸುವ ತಕ್ಕಡಿ, ಡಿಜಿಟಲ್ ಕ್ಯಾಲಿಪರ್, ಮೇಜಿನ ಮೇಲೆ ಹಾಸಲು ಮೆತ್ತನೆ ಬಟ್ಟೆ. ಒರೆಗಲ್ಲು ಇಟ್ಟುಕೊಂಡಿಲ್ಲ. ಒರೆಗೆ ಹಚ್ಚಿದ ನಾಣ್ಯದ ಅಂಚಿನಲ್ಲಿ ಒಂದು ಚಪ್ಪಟೆ ಗಾಯ ಉಳಿಯುತ್ತದೆ. ಸಂಗ್ರಹಕಾರ ಮೊದಲು ನೋಡುವುದು ಅದನ್ನೇ.

ಚಿಕ್ಕಪೇಟೆಯ ಆಭರಣದಂಗಡಿಯಲ್ಲಿ ತೂಕಕ್ಕೆ ಸಿಗುವ ಹಣವನ್ನು ನಾನು ತಳದ ಬೆಲೆ ಎಂದು ಮಾತ್ರ ಬರೆದುಕೊಳ್ಳುತ್ತೇನೆ. ಲೆಕ್ಕ ಸುಲಭ. ಸವರನ್ 7.988 ಗ್ರಾಂ, 22 ಕ್ಯಾರೆಟ್. ಅದರಲ್ಲಿ ಶುದ್ಧ ಚಿನ್ನ 7.32 ಗ್ರಾಂ. ಈಸ್ಟ್ ಇಂಡಿಯಾ ಕಂಪನಿಯ 1835 ಮತ್ತು 1841ರ ಮೊಹರು 11.66 ಗ್ರಾಂ, ಅದೂ 22 ಕ್ಯಾರೆಟ್. ಶುದ್ಧ ಚಿನ್ನ 10.69 ಗ್ರಾಂ. ಮದರಾಸಿನ ನಕ್ಷತ್ರ ವರಾಹ ತೂಕದಲ್ಲಿ 3.4 ಗ್ರಾಂ ಇದ್ದರೂ ಚಿನ್ನ ನೂರಕ್ಕೆ 80 ಭಾಗದ ಆಸುಪಾಸು. ಇದನ್ನು 22 ಕ್ಯಾರೆಟ್ ಎಂದು ಲೆಕ್ಕ ಹಾಕಿ ಕೊಂಡವರು ತಳದ ಬೆಲೆಯಲ್ಲೇ ಸೋಲುತ್ತಾರೆ. ಮಿಕ್ಕ ಬೆಲೆಯೆಲ್ಲ ನಾಣ್ಯ ಯಾವ ಬಗೆಯದು, ಎಷ್ಟು ಸವೆದಿದೆ ಎಂಬುದರ ಮೇಲೆ ನಿಂತಿದೆ. ಬಗೆಯನ್ನೇ ಮೊದಲು ನೋಡಬೇಕು.

ನಮ್ಮ ಕಡೆ ಹೆಚ್ಚು ಎಡವುವುದು ಶಿವ ಪಾರ್ವತಿ ಕುಳಿತಿರುವ ವರಾಹದಲ್ಲಿ. ಮುಂಬದಿ ಒಂದೇ ಥರ, ತೂಕವೂ ಒಂದೇ, ಸುಮಾರು 3.4 ಗ್ರಾಂ. ಹಿಂಬದಿಯಲ್ಲಿ ನಾಗರಿ ಅಕ್ಷರದಲ್ಲಿ ಸದಾಶಿವನ ಹೆಸರಿದ್ದರೆ ಅದು ಇಕ್ಕೇರಿಯ ನಾಯಕರದು. ಚುಕ್ಕೆಚುಕ್ಕೆಯ ಹಿನ್ನೆಲೆಯಲ್ಲಿ ಪಾರ್ಸಿಯ ‘ಹೆ’ ಅಕ್ಷರ ಒಂದೇ ಇದ್ದರೆ ಹೈದರಾಲಿಯ ಬಹಾದುರಿ ವರಾಹ. 1763ರಲ್ಲಿ ಬಿದನೂರು ಗೆದ್ದ ಮೇಲೆ ಹೈದರ್ ಇಕ್ಕೇರಿಯ ಮುಂಬದಿಯನ್ನು ಹಾಗೇ ಉಳಿಸಿಕೊಂಡ. ಮೂರು ಸಾಲಿನಲ್ಲಿ ‘ಶ್ರೀ ಕೃಷ್ಣರಾಜ’ ಎಂದಿದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರದು. ಮೂರಕ್ಕೂ ಕೊಳ್ಳುವವರು ಬೇರೆ, ಬೆಲೆ ಬೇರೆ. ಮುಂಬದಿಯ ಫೋಟೊ ಒಂದನ್ನೇ ಕಳಿಸಿ ‘ಎಷ್ಟಾಗತ್ತೆ ಸಾರ್’ ಎಂದು ಕೇಳಿದರೆ ನಾನು ಸಂಖ್ಯೆ ಹೇಳುವುದಿಲ್ಲ.

ಟಿಪ್ಪುವಿನ ಫಾರೂಕಿ ವರಾಹದಲ್ಲಿ ಚಿತ್ರವಿಲ್ಲ, ಬರಹ ಮಾತ್ರ. ಅದರಲ್ಲಿ ವರ್ಷ ಓದುವಾಗ ಎಚ್ಚರ ಬೇಕು. 1787ರ ಸುಮಾರಿಗೆ ಟಿಪ್ಪುವಿನ ಹೊಸ ವರ್ಷಗಣನೆಯಾದ ಮೌಲೂದಿ ಶಕ ಜಾರಿಗೆ ಬಂದ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿದ್ದಾರೆ. 1215ನ್ನು ಎಡದಿಂದ ಓದಿದರೆ 5121 ಆಗುತ್ತದೆ. ಇದನ್ನು ‘ತಪ್ಪು ಅಚ್ಚು, ಅಪರೂಪ’ ಎಂದು ಹೇಳಿ ಮಾರುವವರೂ ಇದ್ದಾರೆ. ತಪ್ಪೂ ಅಲ್ಲ, ಅಪರೂಪವೂ ಅಲ್ಲ. ಬೆಲೆ ಬದಲಾಗುವುದು ಟಂಕಸಾಲೆಯ ಹೆಸರಿನಿಂದ. ಪಟ್ಟಣ, ಅಂದರೆ ಶ್ರೀರಂಗಪಟ್ಟಣ, ಮತ್ತು ನಗರ, ಅಂದರೆ ಬಿದನೂರು, ಕಣ್ಣಿಗೆ ಬೀಳುವಷ್ಟು ಮಿಕ್ಕವು ಬೀಳುವುದಿಲ್ಲ.

ವಿಜಯನಗರದ ನಾಣ್ಯಗಳಲ್ಲಿ ಮುಂಬದಿಯೂ ಮಾತಾಡುತ್ತದೆ. ಹರಿಹರ, ದೇವರಾಯರ ಕಾಲದ ಉಮಾಮಹೇಶ್ವರ, ಕೃಷ್ಣದೇವರಾಯನ ಬಾಲಕೃಷ್ಣ, ಅಚ್ಯುತರಾಯನ ಗಂಡಭೇರುಂಡ, ತಿರುಮಲರಾಯನ ಸೀತಾರಾಮ. ಆದರೂ ರಾಜನನ್ನು ಖಚಿತ ಮಾಡುವುದು ಹಿಂಬದಿಯ ನಾಗರಿ ಸಾಲುಗಳೇ. ಇವು ಕೈಯಿಂದ ಬಡಿದ ನಾಣ್ಯಗಳು, ಅಚ್ಚು ನಾಣ್ಯಕ್ಕಿಂತ ದೊಡ್ಡದಿರುತ್ತಿತ್ತು. ಹಾಗಾಗಿ ಅಂಚಿನ ಅಕ್ಷರ ಅರ್ಧ ಹೊರಗೆ ಹೋಗುವುದು ಮಾಮೂಲು. ಅದನ್ನು ನಾನು ದೋಷವೆಂದು ಹಿಡಿಯುವುದಿಲ್ಲ. ಹೆಸರಿರುವ ಸಾಲು ಓದಲು ಬಾರದಿದ್ದರೆ ಮಾತ್ರ ಬೆಲೆ ಇಳಿಸುತ್ತೇನೆ.

ಕಂಠೀರವ ಹಣ ಎಂಬ ಚಿನ್ನದ ನಾಣ್ಯ ಕಾಳಿನಷ್ಟು ಚಿಕ್ಕದು, 0.35 ಗ್ರಾಂನ ಆಸುಪಾಸು. ಕಂಠೀರವ ನರಸರಾಜ ಒಡೆಯರ ಹೆಸರಿನದು, ಮೇಲೆ ನರಸಿಂಹ. ತುಂಬ ಸಿಗುತ್ತದೆ. ‘ಕಂಠೀರವ ವರಾಹ’ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಅದು ಹತ್ತು ಹಣಕ್ಕೆ ಲೆಕ್ಕದ ಪುಸ್ತಕದಲ್ಲಿದ್ದ ಹೆಸರು, ಆ ನಾಣ್ಯ ಅಚ್ಚಾಗಿಲ್ಲ. ರಾಮಟಂಕಿಯೂ ಚಲಾವಣೆಯ ನಾಣ್ಯವಲ್ಲ, ಪೂಜೆಗೆ ಮಾಡಿಸಿದ್ದು. ಅದರ ಮೇಲಿನ ಇಸವಿಯನ್ನು ನಂಬಬಾರದು. ಚಿನ್ನದ್ದೇ ಆಗಿದ್ದರೆ ತೂಕದ ಬೆಲೆ, ಕೆಲಸ ಚೆನ್ನಾಗಿದ್ದರೆ ಒಂದಿಷ್ಟು ಮೇಲೆ.

ಸವರನ್‌ನಲ್ಲಿ ಬಗೆ ಎಂದರೆ ಇಸವಿ ಮತ್ತು ಟಂಕಸಾಲೆಯ ಪುಟ್ಟ ಅಕ್ಷರ. ಐದನೇ ಜಾರ್ಜನ ಸವರನ್ ಆದರೆ ಹಿಂಬದಿಯಲ್ಲಿ ಕುದುರೆ ನಿಂತ ನೆಲದ ಗೆರೆಯ ನಡುವೆ, ಇಸವಿಯ ಮೇಲೆ ಮಸೂರ ಹಿಡಿಯಿರಿ. 1918ರಲ್ಲಿ ಅಲ್ಲಿ ‘ಐ’ ಇದ್ದರೆ ಮುಂಬೈಯದು. ಅಲ್ಲಿ ಅಚ್ಚಾಗಿದ್ದು ಆ ಇಸವಿಯೊಂದೇ, ಸುಮಾರು 12.95 ಲಕ್ಷ. ‘ಎಸ್’ ಸಿಡ್ನಿ, ‘ಎಂ’ ಮೆಲ್ಬರ್ನ್, ‘ಪಿ’ ಪರ್ತ್, ‘ಸಿ’ ಒಟ್ಟಾವಾ. ಲಂಡನ್ನಿನದಕ್ಕೆ ಅಕ್ಷರವಿಲ್ಲ. ಆದರೆ ಲಂಡನ್ 1917ರ ನಂತರ 1925ರವರೆಗೆ ಸವರನ್ ಅಚ್ಚು ಹಾಕಲೇ ಇಲ್ಲ. ಆದ್ದರಿಂದ ಅಕ್ಷರವಿಲ್ಲದ 1918 ಕಂಡರೆ, ಸವೆದು ಅಳಿಸಿದೆಯೇ ಎಂದು ನೋಡಿ. ಸವೆದಿಲ್ಲದಿದ್ದರೆ ನಕಲಿ. ಇಂಥ ನಕಲಿಗಳಲ್ಲಿ ಚಿನ್ನ ಸರಿಯಾಗಿಯೇ ಇರಬಹುದು, ಚಿನ್ನ ಪರೀಕ್ಷೆ ಪಾಸಾದ ಮಾತ್ರಕ್ಕೆ ನಾಣ್ಯ ಅಸಲಿ ಆಗುವುದಿಲ್ಲ.

ಲೋಹದ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ತಳಕ್ಕೂ ಗೋಡೆಗೂ ತಾಗದಂತೆ ಮುಳುಗಿಸಿ. ಸವರನ್‌ಗೆ 0.45ರಿಂದ 0.46 ಗ್ರಾಂ ತೋರಿಸಬೇಕು. ತೂಕವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ 17.5ರ ಹತ್ತಿರ ಬರುತ್ತದೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದರೆ ಲೆಕ್ಕ ಕೆಡುತ್ತದೆ, ಹಾಗಾಗಿ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕುತ್ತೇನೆ. ವರಾಹಕ್ಕೆ ಬರುವುದು 0.2 ಗ್ರಾಂ ಮಾತ್ರ. 0.01ರ ತಕ್ಕಡಿಯಲ್ಲಿ ಒಂದು ಅಂಕಿ ಆಚೀಚೆಯಾದರೂ ನೂರಕ್ಕೆ ಐದು ತಪ್ಪು. 0.001ರದ್ದು ಬೇಕು ಎಂದಿದ್ದು ಇದಕ್ಕೇ. ಹಾಲ್‌ಮಾರ್ಕ್ ಕೇಂದ್ರಕ್ಕೆ ಒಯ್ದರೆ ‘ಎಕ್ಸ್‌ಆರ್‌ಎಫ್ ಮಾತ್ರ, ಅರ ಹಾಕಬೇಡಿ, ಕಾಯಿಸಬೇಡಿ’ ಎಂದು ಮೊದಲೇ ಹೇಳಿ. ಈ ಎಕ್ಸ್-ರೇ ಪರೀಕ್ಷೆ ಮೇಲ್ಪದರವನ್ನಷ್ಟೇ ಓದುವುದರಿಂದ ದಪ್ಪ ಗಿಲೀಟಿಗೆ ಮೋಸ ಹೋಗಬಹುದು. ನೀರಿನ ಪರೀಕ್ಷೆಯ ಜೊತೆ ಹೊಂದಿದರೆ ಸರಿ.

ಇನ್ನು ಸ್ಥಿತಿ. ಸವೆತ ಎತ್ತರದ ಜಾಗದಿಂದ ಶುರುವಾಗುತ್ತದೆ: ಶಿವ ಪಾರ್ವತಿಯರ ಮುಖ ಮತ್ತು ಮಂಡಿ, ಬಾಲಕೃಷ್ಣನ ಹೊಟ್ಟೆ, ಜಾರ್ಜ್ ದೊರೆಯ ಹುಬ್ಬು, ಕುದುರೆಯ ಎದೆ. ಆದರೆ ಮುಖ ಕಾಣದ ವರಾಹವೆಲ್ಲ ಸವೆದದ್ದಲ್ಲ, ಬಡಿತವೇ ಸರಿಯಾಗಿ ಬಿದ್ದಿರಲಿಕ್ಕಿಲ್ಲ. ಬೆಳಕನ್ನು ಓರೆಯಾಗಿ ಹಿಡಿದರೆ ಗೊತ್ತಾಗುತ್ತದೆ. ಸವೆದ ಜಾಗ ನುಣುಪು, ಅದರ ಅಂಚು ದುಂಡಗೆ. ಬಡಿತ ಬೀಳದ ಜಾಗ ತರಿತರಿ, ಮೂಲ ಹೊಳಪು ಅಲ್ಲೇ ಇರುತ್ತದೆ. ತಕ್ಕಡಿಯೂ ಸಾಕ್ಷಿ ಹೇಳುತ್ತದೆ: ಬಡಿತ ಬೀಳದ್ದು ತೂಕ ಕಳೆದುಕೊಂಡಿರುವುದಿಲ್ಲ. ಸವರನ್‌ನಲ್ಲಿ 7.938 ಗ್ರಾಂಗಿಂತ ಇಳಿದದ್ದು ಅದರ ಕಾಲದಲ್ಲೇ ಚಲಾವಣೆಗೆ ಅನರ್ಹವಾಗಿತ್ತು. ಇವತ್ತೂ ನಾನು ಅದನ್ನು ಬರೀ ಚಿನ್ನದ ಸಾಲಿಗೇ ಸೇರಿಸುತ್ತೇನೆ.

ಸವೆತಕ್ಕಿಂತ ಹೆಚ್ಚು ಬೆಲೆ ಕೆಡಿಸಿರುವುದು ಕಾಸಿನ ಸರ. ಕೊಂಡಿ ಬೆಸೆದು ಆಮೇಲೆ ಕಿತ್ತ ನಾಣ್ಯದಲ್ಲಿ ಮೇಲ್ಗಡೆಯ ಅಂಚಿನ ಗೀರುಸಾಲು ಮಾಯವಾಗಿರುತ್ತದೆ, ಬೆಸುಗೆಯ ಬಣ್ಣ ಬೇರೆ ಕಾಣುತ್ತದೆ, ಅರದ ಗೆರೆ ಉಳಿದಿರುತ್ತದೆ. ಸಾಮಾನ್ಯ ಇಸವಿಯದಾದರೆ ಸಂಗ್ರಹದ ಬೆಲೆ ಅಲ್ಲಿಗೆ ಮುಗಿಯಿತು. ಅಪರೂಪದ ಬಗೆಯಾದರೆ ಹಾಗಲ್ಲ, ಕೊಂಡಿಯ ಗುರುತಿದ್ದರೂ ಕೊಳ್ಳುವವರಿರುತ್ತಾರೆ. ಸುಲಭಕ್ಕೆ ಸಿಗುವ ನಾಣ್ಯಕ್ಕೆ ಸ್ಥಿತಿಯೇ ಎಲ್ಲ, ಸಿಗದ ನಾಣ್ಯಕ್ಕೆ ಸ್ಥಿತಿ ಎರಡನೆಯ ಮಾತು. ಕೊಂಡಿ ಈಗಲೂ ಇದ್ದರೆ ಹಾಗೇ ಬಿಡಿ. ಅಕ್ಕಸಾಲಿಗೆ ಕೊಟ್ಟರೆ ಕೊಂಡಿಯ ಜೊತೆ ಪಾಲಿಶ್ ಕೂಡ ಪುಕ್ಕಟೆ ಬರುತ್ತದೆ!

ತೊಳೆಯುವ ವಿಷಯ. ವರಮಹಾಲಕ್ಷ್ಮಿ ಕಲಶದ ಬಳಿ ಇಟ್ಟ ನಾಣ್ಯಕ್ಕೆ ಅರಿಶಿನ, ಕುಂಕುಮ, ಎಣ್ಣೆ ಮೆತ್ತಿರುತ್ತದೆ. ಹುಣಸೆಹಣ್ಣು, ಪೀತಾಂಬರಿ, ಹಲ್ಲಿನ ಬ್ರಷ್ ಯಾವುದೂ ಬೇಡ. ಬ್ರಷ್ಷಿನ ಕೂದಲುಗೆರೆ ಮಸೂರದಡಿ ಎದ್ದು ಕಾಣುತ್ತದೆ, ನಾಣ್ಯ ಶ್ರೇಣಿ ಕೊಡುವ ಸಂಸ್ಥೆಗಳು ಅಂಥದಕ್ಕೆ ಪೂರ್ಣ ಶ್ರೇಣಿ ಕೊಡದೆ ‘ತೊಳೆದದ್ದು’ ಎಂದು ಬರೆದು ಕಳಿಸುತ್ತವೆ. ನಾನು ಮಾಡುವುದಿಷ್ಟು: ಕಿಟಕಿ ತೆರೆದು, ಬೆಂಕಿಯಿಂದ ದೂರ, ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ಹತ್ತು ನಿಮಿಷ ಮುಳುಗಿಸಿ, ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಬಟ್ಟೆಯ ಮೇಲೆ ಒತ್ತಿ ಒಣಗಿಸುವುದು. ಉಜ್ಜುವುದಿಲ್ಲ. ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಎಣ್ಣೆ, ಸುವಾಸನೆ ಬೆರೆತಿರುವುದರಿಂದ ಅದು ಆಗದು. ಒಣಗಿದ ಮೇಲೆ ಪಿವಿಸಿ ಕವರಿಗೆ ಹಾಕಬೇಡಿ. ಕೆಲವು ವರ್ಷಕ್ಕೆ ಅದು ಅಂಟಂಟಾಗಿ, 22 ಕ್ಯಾರೆಟ್‌ನಲ್ಲಿರುವ ತಾಮ್ರವನ್ನು ಹಿಡಿಯುತ್ತದೆ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಕವರು ಸಾಕು.

ಮಾರುವುದಾದರೆ ಎರಡೂ ಬದಿಯ ಹಾಗೂ ಅಂಚಿನ ಫೋಟೊ, ತೂಕ, ವ್ಯಾಸ ಬರೆದು ಕನಿಷ್ಠ ಇಬ್ಬರು ನಾಣ್ಯ ವ್ಯಾಪಾರಿಗಳನ್ನು ಕೇಳಿ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಪುರಾತನ ವಸ್ತು, ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದ ಹರಾಜಿನಲ್ಲಿ ಕಂಡ ಬೆಲೆ ಇಟ್ಟುಕೊಂಡು ಚೌಕಾಸಿ ಮಾಡಿದರೆ ಇಲ್ಲಿನ ವ್ಯಾಪಾರಿ ನಕ್ಕು ಸುಮ್ಮನಾಗುತ್ತಾನೆ. ಪಾಯ ಅಗೆಯುವಾಗ, ಹೊಲ ಉಳುವಾಗ ಸಿಕ್ಕಿದ್ದಾದರೆ ಬೆಲೆ ಕೇಳುವ ಮಾತೇ ಇಲ್ಲ. ಅದು ನಿಧಿ, ಮೊದಲು ಜಿಲ್ಲಾಡಳಿತಕ್ಕೆ ತಿಳಿಸಬೇಕು.