ಬಿಸಿಲುನಾಡಿನಲ್ಲಿ ಗಿಟಾರಿನ ಕತ್ತು ಮತ್ತು ಫ್ರೆಟ್ ಹೊಂದಿಸುವ ಬಗೆ

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ತಾಪಮಾನ 40 ಡಿಗ್ರಿ ದಾಟಿ ಗಾಳಿ ಒಣಗಿದಾಗ ಅಕೌಸ್ಟಿಕ್ ಗಿಟಾರಿನ ಮರವೂ ಕುಗ್ಗುತ್ತದೆ. ಮೇಲ್ಹಲಗೆ ತಗ್ಗಿ, ತಂತಿಗಳು ಫ್ರೆಟ್‌ಗಳಿಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಿಗೆ) ತಾಗಿ ಗುಂಯ್‌ಗುಟ್ಟುತ್ತವೆ. ಆದ್ದರಿಂದ ಮೊದಲು ವಾದ್ಯವನ್ನು ಹ್ಯುಮಿಡಿಫೈಯರ್ (ತೇವ ನೀಡುವ ಸಾಧನ) ಸಮೇತ ಪೆಟ್ಟಿಗೆಯಲ್ಲಿಟ್ಟು, 45ರಿಂದ 55 ಪ್ರತಿಶತ ತೇವಾಂಶದಲ್ಲಿ ಕೆಲವು ದಿನ ಬಿಡಬೇಕು. ಕೂಲರಿನ ಎದುರು ಇಡುವುದು ಪರಿಹಾರವಲ್ಲ.

ಬಳಿಕ ಶ್ರುತಿ ಮಾಡಿ, 1ನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ದಪ್ಪ ತಂತಿಯನ್ನು ಕತ್ತು ಒಡಲನ್ನು ಸೇರುವ ಫ್ರೆಟ್‌ನಲ್ಲಿ, ಅಂದರೆ ಸಾಮಾನ್ಯವಾಗಿ 14ನೆಯದರಲ್ಲಿ ಒತ್ತಿ, 7ನೇ ಫ್ರೆಟ್‌ಗೂ ತಂತಿಗೂ ನಡುವಿನ ಅಂತರವನ್ನು ಫೀಲರ್ ಗೇಜಿನಿಂದ (ತೆಳು ಲೋಹದ ಪಟ್ಟಿಗಳ ಅಳತೆ ಸಾಧನದಿಂದ) ಅಳೆಯಬೇಕು; ಬೈಕ್ ಮೆಕ್ಯಾನಿಕರು ಟ್ಯಾಪೆಟ್ ಹೊಂದಿಸಲು ಬಳಸುವ ಗೇಜೇ ಇದಕ್ಕೂ ಸಾಕು. ಅಂತರ ಸುಮಾರು 0.2 ಮಿ.ಮೀ. ಇರಬೇಕು. ಕಡಿಮೆಯಿದ್ದರೆ ಟ್ರಸ್ ರಾಡಿನ (ಕತ್ತಿನ ಬಾಗು ಹೊಂದಿಸಲು ಅದರೊಳಗಿರುವ ಲೋಹದ ಸರಳಿನ) ನಟ್ಟನ್ನು ಎಡಕ್ಕೆ ತಿರುಗಿಸಿ ಸಡಿಲಿಸಬೇಕು, ಆದರೆ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ; ಪ್ರತಿ ಬಾರಿ ಮತ್ತೆ ಶ್ರುತಿ ಮಾಡಿಯೇ ಅಳೆಯಬೇಕು. ಇಲ್ಲಿ ಆತುರಪಟ್ಟರೆ ರಾಡು ಕೆಡುವ ಅಪಾಯವಿದೆ.

ಒಂದೇ ಜಾಗದಲ್ಲಿ ಸದ್ದು ಉಳಿದರೆ, ಚಿಕ್ಕ ಉಕ್ಕಿನ ಪಟ್ಟಿಯನ್ನು ಅಕ್ಕಪಕ್ಕದ ಮೂರು ಫ್ರೆಟ್‌ಗಳ ಮೇಲಿಟ್ಟು ನೋಡಬೇಕು. ಅದು ತೂಗಾಡಿದರೆ ನಡುವಿನ ಫ್ರೆಟ್ ಎತ್ತರವಾಗಿದೆ ಎಂದರ್ಥ. ಮೇಲೆದ್ದಿದ್ದರೆ ಅದನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ಕೂರಿಸಬೇಕು, ಅರ ಹಿಡಿಯುವುದು ಕೊನೆಯ ಉಪಾಯ. ಒತ್ತದೆ ಬಿಟ್ಟ ತಂತಿ ಮಾತ್ರ ಸದ್ದು ಮಾಡಿದರೆ ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಕಚ್ಚು ಆಳವಾಗಿರಬಹುದು.